ಬಾಲಕರ ಕಥೋಲಿಕ ಶಾಲೆಯಲ್ಲಿ ಮನಸ್ಸನ್ನೂ ವಿಶ್ವಾಸವನ್ನೂ ಒಟ್ಟಿಗೆ ಕಾಯುವ ಬಗೆ

ಮೈಸೂರು, ಮಂಡ್ಯ ಕಡೆಯ ಬಹುತೇಕ ಕಥೋಲಿಕ ಶಾಲೆಗಳ ಹಾಜರಿ ಪುಸ್ತಕ ತೆರೆದರೆ ಕ್ರೈಸ್ತ ಹೆಸರುಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಲಷ್ಕರ್ ಮೊಹಲ್ಲಾದಿಂದ ನಡೆದು ಬರುವವನು, ಶ್ರೀರಂಗಪಟ್ಟಣದ ಬಸ್ಸಿನಲ್ಲಿ ನಿಂತುಕೊಂಡೇ ಬರುವವನು, ಹೂಟಗಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಅಪ್ಪ ಮಲಗಿರುವಾಗ ತಾನೇ ಡಬ್ಬಿ ಕಟ್ಟಿಕೊಂಡು ಬರುವವನು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈ ಹುಡುಗರ ಮನಸ್ಸಿನ ಚಿಂತೆಯನ್ನು ಆಪ್ತಸಮಾಲೋಚಕರಿಗೆ, ವಿಶ್ವಾಸದ ಚಿಂತೆಯನ್ನು ಫಾದರ್‌ಗೆ ವಹಿಸಿ, ಉಳಿದವರು ಪಾಠ ಮುಗಿಸುವುದು ನಮ್ಮಲ್ಲಿ ರೂಢಿ. ಹೈಸ್ಕೂಲು ಹುಡುಗರ ನಡುವೆ ಬಹಳ ವರ್ಷ ಕಳೆದ ನನಗೆ ಈ ಹಂಚಿಕೆಯೇ ತಪ್ಪು ಎನ್ನಿಸಿದೆ. 'ದೇವರು ನಿನ್ನನ್ನು ಪ್ರೀತಿಸುತ್ತಾನೆ' ಎಂದು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದ ಹುಡುಗ, ಹತ್ತು ಗಂಟೆಗೆ ಹೋಮ್‌ವರ್ಕ್ ತರದ ತಪ್ಪಿಗೆ ಎಲ್ಲರೆದುರು 'ಕತ್ತೆ' ಎನ್ನಿಸಿಕೊಂಡರೆ, ಅವನ ಮನಸ್ಸಿನಲ್ಲಿ ಉಳಿಯುವುದು ಎರಡನೆಯ ಮಾತು. ಅವನು ದೇವರನ್ನು ಅಳೆಯುವುದು ನಮ್ಮನ್ನು ನೋಡಿ.

ಹೊಸದಾಗಿ ಇಂಥ ಶಾಲೆಗೆ ಸೇರುವ ಶಿಕ್ಷಕರು, ಮುಖ್ಯೋಪಾಧ್ಯಾಯರು, ಧರ್ಮಕೇಂದ್ರದ (ಪ್ಯಾರಿಷ್ ಚರ್ಚಿನ) ಗುರುಗಳು ಈ ಕೆಲಸವನ್ನು ಎಲ್ಲಿಂದ ಹಿಡಿಯಬೇಕು ಎಂಬುದನ್ನು ಶಾಲೆಯ ವರ್ಷದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಜೂನ್: ಪ್ರತಿ ಹುಡುಗನಿಗೂ ಒಬ್ಬ ಹಿರಿಯರು

ತರಗತಿಯಲ್ಲಿ ಅರವತ್ತು ಹುಡುಗರಿರುವಾಗ ಕ್ಲಾಸ್ ಟೀಚರ್ ಒಬ್ಬರೇ ಎಲ್ಲರನ್ನೂ ಬಲ್ಲರು ಎಂಬುದು ಬರಿಯ ಮಾತು. ಶಾಲೆ ಶುರುವಾದ ಮೊದಲ ಎರಡು ವಾರದಲ್ಲೇ ಹುಡುಗರನ್ನು ಎಲ್ಲ ಸಿಬ್ಬಂದಿಗೂ ಹಂಚಿ, ಒಬ್ಬರ ಪಾಲಿಗೆ ಹನ್ನೆರಡರಿಂದ ಹದಿನೈದು ಮಂದಿ ಇರಲಿ. ಗ್ರಂಥಪಾಲಕರನ್ನು, ಲ್ಯಾಬ್ ಸಹಾಯಕರನ್ನು, ಕಚೇರಿಯ ಗುಮಾಸ್ತರನ್ನು ಬಿಡಬೇಡಿ. ದೈಹಿಕ ಶಿಕ್ಷಕರನ್ನಂತೂ ಬಿಡಲೇಬೇಡಿ. ಹುಡುಗರ ಶಾಲೆಯಲ್ಲಿ ಎಷ್ಟೋ ಸಂಗತಿ ಮೊದಲು ತಿಳಿಯುವುದು ಪಿ.ಟಿ. ಮೇಷ್ಟ್ರಿಗೆ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಬಾಯಿ ಬಿಡದ ಹುಡುಗ ಮೈದಾನದ ಅಂಚಿನಲ್ಲಿ ಬೂಟಿನ ಲೇಸು ಕಟ್ಟುತ್ತಾ, ತಲೆ ಎತ್ತದೆಯೇ, 'ಸಾರ್, ಅಪ್ಪ ಮನೆ ಬಿಟ್ಟು ಹೋಗಿದ್ದಾರೆ' ಎಂದುಬಿಡುತ್ತಾನೆ.

ಪ್ರತಿಯೊಬ್ಬರೂ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲಿ. ಹುಡುಗನ ಬಗ್ಗೆ ತಿಳಿಯಬೇಕಾದದ್ದು ನಾಲ್ಕೇ ಸಂಗತಿ: ಬೆಳಿಗ್ಗೆ ಅವನನ್ನು ಯಾರು ಎಬ್ಬಿಸುತ್ತಾರೆ, ಶಾಲೆಗೆ ಹೇಗೆ ಬರುತ್ತಾನೆ, ಮಧ್ಯಾಹ್ನ ಯಾರ ಜೊತೆ ಕೂತು ಉಣ್ಣುತ್ತಾನೆ, ಕಷ್ಟ ಬಂದರೆ ಯಾರಿಗೆ ಹೇಳಿಕೊಳ್ಳುತ್ತಾನೆ. ಇವನ್ನು ಫಾರ್ಮಿನಲ್ಲಿ ತುಂಬಿಸಬೇಡಿ. ಫಾರ್ಮ್ ಕೊಟ್ಟರೆ ಎಲ್ಲರೂ 'ಅಮ್ಮ, ಅಪ್ಪ' ಎಂದು ಬರೆದು ಕೊಡುತ್ತಾರೆ. ಮಾತಿನ ನಡುವೆ, ಒಂದೊಂದು ವಾರ ಒಂದೊಂದಾಗಿ ಕೇಳಿ ತಿಳಿದುಕೊಳ್ಳಿ. ನಾಲ್ಕನೆಯ ಪ್ರಶ್ನೆಗೆ 'ಯಾರಿಗೂ ಇಲ್ಲ ಸಾರ್' ಎನ್ನುವವನ ಹೆಸರಿನ ಮುಂದೆ ಗುರುತು ಹಾಕಿ. ವರ್ಷವಿಡೀ ಕಣ್ಣಿಡಬೇಕಾದ ಹುಡುಗ ಅವನು.

ಮಧ್ಯಾಹ್ನದ ಊಟ ಇದಕ್ಕೆ ಒಳ್ಳೆಯ ಹೊತ್ತು. ಅನುದಾನಿತ ಶಾಲೆಯಾದರೆ ಬಿಸಿಯೂಟ ಇದ್ದೇ ಇರುತ್ತದೆ. ವಾರಕ್ಕೊಮ್ಮೆಯಾದರೂ ಶಿಕ್ಷಕರು ತಟ್ಟೆ ಹಿಡಿದು ಅದೇ ಸಾಲಿನಲ್ಲಿ ನಿಂತು ಹುಡುಗರ ಜೊತೆ ಉಣ್ಣಲಿ. ಒಬ್ಬನೇ ಮೂಲೆಯಲ್ಲಿ ಕೂತು ಉಣ್ಣುವವನು ಯಾರು, ಊಟವನ್ನೇ ಬಿಡುತ್ತಿರುವವನು ಯಾರು ಎಂಬುದು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಬೆಳಗಿನ ಪ್ರಾರ್ಥನೆ

ಮೊದಲು ಕಾನೂನಿನ ಮಾತು. ಶಾಲೆ ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ ಎಂದು 28ನೇ ವಿಧಿಯ ಮೂರನೆಯ ಖಂಡ ಹೇಳುತ್ತದೆ. ವಿಶ್ವಾಸವನ್ನು ಒತ್ತಾಯದಿಂದ ಹೇರಬಾರದು ಎಂಬುದನ್ನು ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ದಾಖಲಾತಿಯ ದಿನವೇ ಪೋಷಕರಿಗೆ ವಿವರಿಸಿ, ಪ್ರತ್ಯೇಕ ಹಾಳೆಯಲ್ಲಿ ಸಹಿ ಪಡೆದುಕೊಳ್ಳಿ. 'ಬೇಡ' ಎಂದವರ ಮಗನನ್ನು ಪ್ರಾರ್ಥನೆಯ ಹೊತ್ತಿನಲ್ಲಿ ವರಾಂಡದಲ್ಲಿ ಒಂಟಿಯಾಗಿ ನಿಲ್ಲಿಸಬೇಡಿ. ಅವನಿಗೆ ಗ್ರಂಥಾಲಯ ತೆರೆದಿರಲಿ.

ಎಲ್ಲರೂ ಸೇರುವ ಸಭೆಯಲ್ಲಿ ಎಲ್ಲರೂ ಮನಸಾರೆ ಹೇಳಬಹುದಾದ ಪ್ರಾರ್ಥನೆ ಇರಲಿ, ಜೊತೆಗೆ ಒಂದು ನಿಮಿಷದ ಮೌನ. ಜಪಸರ (ರೋಸರಿ), ಶಿಲುಬೆಹಾದಿ (ಯೇಸುವಿನ ಕೊನೆಯ ಪಯಣವನ್ನು ಧ್ಯಾನಿಸುವ ಪ್ರಾರ್ಥನೆ) ಇವೆಲ್ಲ ಕಥೋಲಿಕ ಹುಡುಗರಿಗೆ, ಬಯಸಿ ಬಂದವರಿಗೆ, ಪ್ರಾರ್ಥನಾಲಯದಲ್ಲಿ.

ಇದಕ್ಕೆ ಜೀವ ತುಂಬುವ ಸುಲಭದ ದಾರಿ ಒಂದು ಪೆಟ್ಟಿಗೆ. ಹುಡುಗರು ಯಾವುದಕ್ಕಾಗಿ ಪ್ರಾರ್ಥಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಲಿ, ಹೆಸರು ಬೇಕಿಲ್ಲ. ಮೊದಲ ವಾರ ಕ್ರಿಕೆಟ್ ತಂಡ ಗೆಲ್ಲಲಿ ಎಂಬ ಚೀಟಿಗಳೇ ಬರುತ್ತವೆ. ಅವನ್ನೂ ಗಂಭೀರವಾಗಿ ಓದಿ. ಓದಿದವರು ನಗಲಿಲ್ಲ ಎಂದು ಖಾತ್ರಿಯಾದ ಮೇಲೆ ಬೇರೆ ಚೀಟಿಗಳು ಬರತೊಡಗುತ್ತವೆ. 'ಕಾಯಿಲೆ ಬಿದ್ದ ನಮ್ಮ ಹಸು ಉಳಿಯಲಿ.' 'ಅಣ್ಣ ಹಬ್ಬಕ್ಕೆ ಮನೆಗೆ ಬರಲಿ.' 'ಅಪ್ಪ ಕುಡಿಯುವುದನ್ನು ಬಿಡಲಿ.' ಕೊನೆಯದನ್ನು ಸಭೆಯಲ್ಲಿ ಹಾಗೆಯೇ ಓದಬೇಡಿ, 'ಕುಡಿತದಿಂದ ನೊಂದ ಮನೆಗಳಿಗಾಗಿ' ಎಂದು ಸೇರಿಸಿಕೊಳ್ಳಿ. ಒಬ್ಬರೇ ಶಿಕ್ಷಕರು ಪೆಟ್ಟಿಗೆಯ ಬೀಗ ಇಟ್ಟುಕೊಂಡು, ಪ್ರತಿ ಸಂಜೆ ಎಲ್ಲ ಚೀಟಿಗಳನ್ನೂ ನೋಡಬೇಕು. ಅಪಾಯದ ಸುಳಿವು ಇರುವ ಚೀಟಿ ಮರುದಿನದ ಸಭೆಯವರೆಗೆ ಕಾಯಬಾರದು. ಹಾಗೆ ಅಪಾಯ ಕಂಡಾಗ ಮಾತ್ರ ಕೈಬರಹ ನೋಡಿ ಬರೆದವನನ್ನು ಹುಡುಕಿ, ಬೇರೆ ಸಂದರ್ಭದಲ್ಲಿ ಬೇಡ.

ವೇದವಾಕ್ಯ (ಬೈಬಲ್ ಭಾಗ) ಓದುವ ಸರದಿಯನ್ನು ಹಾಜರಿ ಸಂಖ್ಯೆಯ ಪ್ರಕಾರ ಹಂಚುವುದು ನ್ಯಾಯವಾಗಿ ಕಂಡರೂ ಉಗ್ಗುವ ಹುಡುಗನಿಗೆ ಅದು ನರಕ. ಸರದಿ ಬರುವ ದಿನ ಅವನಿಗೆ ಹೊಟ್ಟೆನೋವು ಬರುತ್ತದೆ, ಆಮೇಲೆ ಶಾಲೆಯೇ ಬೇಡವಾಗುತ್ತದೆ. ಅವನನ್ನು ಕರೆದು 'ಗೆಳೆಯನ ಜೊತೆ ಸೇರಿ ಓದುತ್ತೀಯಾ, ಹಾಡಿನಲ್ಲಿ ಸೇರುತ್ತೀಯಾ, ಈಗ ಬೇಡವೇ' ಎಂದು ಕೇಳಿ, ತೀರ್ಮಾನ ಅವನದೇ ಆಗಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಉಗ್ಗು, ಕಿವಿ ಮಂದ, ಓದು ಬರಹದಲ್ಲಿ ಹಿಂದುಳಿಯುವಿಕೆ ಯಾವುದೇ ಇದ್ದರೂ ಪೋಷಕರನ್ನು ಅಲ್ಲಿಗೆ ಕಳುಹಿಸಿ. ದೂರದ ಊರುಗಳಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ಬಸ್ಸಿಳಿದು ನಡೆಯುವಷ್ಟು ಹತ್ತಿರದಲ್ಲಿದ್ದೂ ನಮ್ಮ ಎಷ್ಟೋ ಹುಡುಗರು 'ದಡ್ಡ' ಎಂಬ ಹಣೆಪಟ್ಟಿ ಹೊತ್ತುಕೊಂಡೇ ಶಾಲೆ ಮುಗಿಸುವುದು ನನಗೆ ಸಹಿಸಲಾಗದ ಸಂಗತಿ.

ಸಂಜೆಯ ಮೂರು ನಿಮಿಷ

1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಸೈನಿಕ ಇಗ್ನೇಷಿಯಸ್ ಲೊಯೋಲಾ, ಮುಂದೆ ಜೆಸ್ಯೂಟ್ ಸಂಘ ಕಟ್ಟಿದ ಸಂತ. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿ, ಯಾವ ಯೋಚನೆ ತನ್ನನ್ನು ಖಾಲಿ ಮಾಡುತ್ತದೆ, ಯಾವುದು ನೆಮ್ಮದಿ ಕೊಡುತ್ತದೆ ಎಂದು ಗಮನಿಸುವುದನ್ನು ಕಲಿತರು. ದಿನದ ಕೊನೆಗೆ ಮಾಡುವ ಆತ್ಮಶೋಧನೆಯ ಪ್ರಾರ್ಥನೆಗೆ ಅವರು ಬಹಳ ಮಹತ್ವ ಕೊಟ್ಟರು. ಕತೆ ಹೇಳಿದರೆ ಎಂಟನೆಯ ತರಗತಿಯ ಹುಡುಗರು ಗುಂಡಿಗಾಗಿ ಕೇಳಿಸಿಕೊಂಡು, ಪ್ರಾರ್ಥನೆಗಾಗಿ ಉಳಿದುಕೊಳ್ಳುತ್ತಾರೆ.

ಮಾಡುವ ಕ್ರಮ ಹೀಗೆ. ಕೊನೆಯ ಪಿರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಪುಸ್ತಕಗಳನ್ನು ಚೀಲಕ್ಕೆ ಹಾಕಿಸಿ. ಚೀಲ ತುಂಬದೆ ಕೂತ ಹುಡುಗನ ಮನಸ್ಸು ಬಸ್‌ ನಿಲ್ದಾಣದಲ್ಲಿರುತ್ತದೆ. ಕಣ್ಣು ಮುಚ್ಚಿ ಎನ್ನಬೇಡಿ, ಹಿಂದಿನ ಬೆಂಚು ನಗುತ್ತದೆ. ಎರಡೂ ಕೈಯನ್ನು ಡೆಸ್ಕಿನ ಮೇಲಿಟ್ಟು ತಮ್ಮ ಕೈಯನ್ನೇ ನೋಡಲಿ. ನಿಧಾನವಾಗಿ ಎರಡು ಪ್ರಶ್ನೆ ಕೇಳಿ: ಇವತ್ತು ಯಾವ ಹೊತ್ತಿನಲ್ಲಿ ಮನಸ್ಸು ಹಗುರವಾಗಿತ್ತು? ಯಾವ ಹೊತ್ತಿನಲ್ಲಿ ಭಾರವಾಯಿತು? ಪ್ರತಿ ಪ್ರಶ್ನೆಯ ನಂತರ ಒಂದು ನಿಮಿಷ ಬಿಡಿ. ಉತ್ತರ ಹೇಳಿಸಬೇಡಿ, ಬರೆಸಬೇಡಿ. ದೇವರನ್ನು ನಂಬುವವನು ಅದನ್ನು ದೇವರ ಮುಂದಿಡಲಿ, ಉಳಿದವರು ತಮ್ಮೊಳಗೆ ನೋಡಿಕೊಳ್ಳಲಿ. ಮೊದಲ ಕೆಲವು ವಾರ ಗುಸುಗುಸು ಇರುತ್ತದೆ. ಗದರಿಸದೆ ಮುಂದುವರಿಸಿದರೆ ದಸರಾ ರಜೆ ಮುಗಿಸಿ ಬರುವ ಹೊತ್ತಿಗೆ ಅಭ್ಯಾಸ ಹತ್ತಿರುತ್ತದೆ.

ಕಥೋಲಿಕ ಹುಡುಗರ ಜ್ಞಾನೋಪದೇಶ

ಉಳಿದವರು ನೀತಿಪಾಠಕ್ಕೆ ಕೂತಾಗ ಬೆರಳೆಣಿಕೆಯಷ್ಟು ಕಥೋಲಿಕ ಹುಡುಗರು ಜ್ಞಾನೋಪದೇಶಕ್ಕೆ (ಕಥೋಲಿಕ ಧರ್ಮಪಾಠಕ್ಕೆ) ಬರುತ್ತಾರೆ. ಹತ್ತೇ ಮಂದಿ ಇದ್ದಾರೆ ಎಂದು ಆ ಪಿರಿಯಡ್ ಅನ್ನು ಗಣಿತಕ್ಕೆ ಬಿಟ್ಟುಕೊಡುವ ಚಟ ನಿಲ್ಲಬೇಕು. ಬಾಯಿಪಾಠ ಒಪ್ಪಿಸುವುದಕ್ಕಿಂತ ಮನುಷ್ಯರ ಕತೆಗಳು ಈ ವಯಸ್ಸಿಗೆ ಹಿಡಿಸುತ್ತವೆ. ಜಾತಿ ನೋಡದೆ ಎಲ್ಲರೊಡನೆ ಬೆರೆತ ತಿರುವಾಂಕೂರಿನ ದೇವಸಹಾಯಂ ಪಿಳ್ಳೆ 1752ರಲ್ಲಿ ಪ್ರಾಣ ಕೊಟ್ಟರು. 2022ರಲ್ಲಿ ಸಂತ ಪದವಿ ಪಡೆದಾಗ ಭಾರತದ ಮೊದಲ ಗೃಹಸ್ಥ ಸಂತರಾದರು. 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಕಾರ್ಲೋ ಅಕುತಿಸ್ ಕಂಪ್ಯೂಟರ್ ಹುಚ್ಚಿನ ಹುಡುಗ, 2025ರ ಸೆಪ್ಟೆಂಬರ್‌ನಲ್ಲಿ ಸಂತರೆಂದು ಘೋಷಿತನಾದ. ಮೊದಲನೆಯ ಕತೆ ಹೇಳುವಾಗ ನಮ್ಮ ಕ್ರೈಸ್ತ ಮನೆಗಳಲ್ಲೂ ಉಳಿದಿರುವ ಜಾತಿಯ ಮಾತನ್ನು ತಪ್ಪಿಸಬೇಡಿ. ಹುಡುಗರಿಗೆ ಅದು ಗೊತ್ತಿದೆ. ನಾವು ಸುಮ್ಮನಿದ್ದರೆ ನಮ್ಮ ಪಾಠದ ಮೇಲೆ ನಂಬಿಕೆ ಹೋಗುತ್ತದೆ.

ಪಾಪನಿವೇದನೆಯ (ಗುರುಗಳ ಮುಂದೆ ಗುಟ್ಟಾಗಿ ತಪ್ಪು ಒಪ್ಪಿಕೊಳ್ಳುವ ಸಂಸ್ಕಾರದ) ಏರ್ಪಾಟಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಶಾಲೆಯ ಮುಖ್ಯಸ್ಥರಾದ ಫಾದರ್ ಅವರೇ ತಮ್ಮ ಹುಡುಗರ ಪಾಪನಿವೇದನೆ ಕೇಳಲು ಕೂರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಮನೆಯಲ್ಲಿ ವಾಸವಿರುವ ವಿದ್ಯಾರ್ಥಿಗಳ ವಿಷಯದಲ್ಲಿ ಧರ್ಮಸಭೆಯ ಕಾನೂನಿನ 985ನೇ ನಿಯಮ ಇದನ್ನೇ ಹೇಳುತ್ತದೆ: ವಿದ್ಯಾರ್ಥಿ ತಾನಾಗಿ ಕೇಳಿಕೊಂಡ ಹೊರತು ಸಂಸ್ಥೆಯ ಮುಖ್ಯಸ್ಥರು ಕೇಳಕೂಡದು. ಹಾಸ್ಟೆಲ್ ಇಲ್ಲದ ಶಾಲೆಯೂ ಅದೇ ವಿವೇಕ ಪಾಲಿಸಲಿ. ಬೆಳಿಗ್ಗೆ ಅಂಕಪಟ್ಟಿಗೆ ಸಹಿ ಹಾಕಿದವರ ಮುಂದೆ ಮಧ್ಯಾಹ್ನ ಮನಸ್ಸು ಬಿಚ್ಚುವುದು ದೊಡ್ಡವರಿಗೇ ಆಗದ ಕೆಲಸ. ಬೇರೆ ಧರ್ಮಕೇಂದ್ರದ ಗುರುಗಳನ್ನು ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲ ಮತ್ತು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕರೆಸಿ. ಹಾಜರಿ ಸಂಖ್ಯೆಯ ಪ್ರಕಾರ ಸಾಲು ನಿಲ್ಲಿಸಬೇಡಿ, ಹೋದವರು ಬಿಟ್ಟವರ ಪಟ್ಟಿ ಮಾಡಬೇಡಿ. ಪ್ರಾರ್ಥನಾಲಯ ಒಂದಿಡೀ ಮಧ್ಯಾಹ್ನ ತೆರೆದಿರಲಿ, ಬರುವವರು ಬರಲಿ. ಜಪಸರವನ್ನು ಶಿಕ್ಷೆಯಾಗಿ ಹೇಳಿಸುವ ಕ್ರಮ ಎಲ್ಲಾದರೂ ಉಳಿದಿದ್ದರೆ ಇಂದೇ ಬಿಡಿ.

ವರ್ಷಕ್ಕೊಮ್ಮೆ ಎಲ್ಲ ಹುಡುಗರನ್ನೂ ಸಂತ ಫಿಲೋಮಿನಾ ಚರ್ಚಿಗೆ ಕರೆದೊಯ್ಯುವುದಾದರೆ ಅದರ ಇತಿಹಾಸವನ್ನೂ ಹೇಳಿ. 1933ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಈ ಮಾತು ಕ್ರೈಸ್ತ ಹುಡುಗನಿಗೂ ಅವನ ಪಕ್ಕದಲ್ಲಿ ನಿಂತ ಹಿಂದೂ ಹುಡುಗನಿಗೂ ಒಟ್ಟಿಗೆ ಬೇಕಾದದ್ದು.

ಮನಸ್ಸು ಕುಗ್ಗಿದ ಹುಡುಗನ ಜೊತೆ ಮಾತು

ಹುಡುಗರು ದುಃಖವನ್ನು ದುಃಖವಾಗಿ ತೋರಿಸುವುದು ಕಡಿಮೆ. ಕೋಪವಾಗಿ, ಜಗಳವಾಗಿ, ತಲೆನೋವಾಗಿ, ಮೊದಲ ಬಾರಿ ತಪ್ಪಿಸಿದ ತರಗತಿಯಾಗಿ ಅದು ಹೊರಬರುತ್ತದೆ. 'ಗಂಡಸಾಗಿ ಅಳುತ್ತೀಯಾ' ಎಂದು ಮನೆಯಲ್ಲಿ ಕೇಳಿ ಕೇಳಿ ಬೆಳೆದವರು ಅವರು. ಇದ್ದಕ್ಕಿದ್ದಂತೆ ಗೆಳೆಯರನ್ನು ಬಿಡುವುದು, ಆಟದಲ್ಲಿ ಆಸಕ್ತಿ ಹೋಗುವುದು, ನಿದ್ದೆ ಕೆಡುವುದು, ಇಷ್ಟದ ಬ್ಯಾಟನ್ನೋ ಸೈಕಲ್ಲನ್ನೋ ಯಾರಿಗಾದರೂ ಕೊಟ್ಟುಬಿಡುವುದು, 'ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು' ಎಂಬ ಮಾತು ಕಂಡರೆ ಅದೇ ದಿನ ಮಾತಾಡಿ.

ಮೇಜಿನ ಆಚೆ ಈಚೆ ಎದುರಾಬದುರು ಕೂರಿಸಿದರೆ ಅದು ವಿಚಾರಣೆಯಾಗುತ್ತದೆ. ಮೈದಾನದ ಸುತ್ತ ಜೊತೆಗೆ ನಡೆಯಿರಿ, ಇಲ್ಲವೇ ಪುಸ್ತಕದ ಕಟ್ಟು ಹೊರುವ ಕೆಲಸ ಕೊಟ್ಟು ಅದರ ನಡುವೆ ಮಾತಿಗೆಳೆಯಿರಿ. 'ಏನಾಯಿತಪ್ಪಾ, ಈ ವಾರ ನೀನು ಮೊದಲಿನಂತಿಲ್ಲ' ಎಂದರೆ ಸಾಕು. ಅವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಬುದ್ಧಿವಾದ, ಬೈಬಲ್ ವಾಕ್ಯ, ನಿಮ್ಮ ಬಾಲ್ಯದ ಕಷ್ಟ ಯಾವುದೂ ಈ ಹೊತ್ತಿಗೆ ಬೇಡ. ಅನುಮಾನ ಬಲವಾದರೆ ನೇರವಾಗಿ ಕೇಳಿ: 'ಸಾಯಬೇಕು ಅಂತ ಅನ್ನಿಸಿದೆಯಾ?' ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಅದು ಹಾಗಲ್ಲ; ಕೇಳುವವರು ಸಿಕ್ಕರು ಎಂದು ಹುಡುಗನ ಭಾರ ಇಳಿಯುವುದೇ ಹೆಚ್ಚು. 'ಹೌದು' ಎಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ಮನೆಯವರನ್ನು ಕರೆಸಿ, ಅವತ್ತೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆಗಳು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಎರಡೂ ಸಂಖ್ಯೆಗಳನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತೂಗುಹಾಕಿ ಪ್ರಯೋಜನವಿಲ್ಲ. ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ, ಹುಡುಗ ಯಾರಿಗೂ ಕಾಣದಂತೆ ಓದಿಕೊಳ್ಳುವ ಜಾಗ ಅದೊಂದೇ.

'ನಿನ್ನ ಪ್ರಾರ್ಥನೆ ಸಾಲದು, ಅದಕ್ಕೇ ಹೀಗೆ' ಎಂಬ ಮಾತು ಕಥೋಲಿಕ ಮನೆಗಳಿಂದ ಬರಬಹುದು. ಖಿನ್ನತೆ ವಿಶ್ವಾಸದ ಕೊರತೆಯಲ್ಲ, ಮಾತ್ರೆ ನುಂಗಿದರೆ ದೇವರನ್ನು ನಂಬದಂತೆ ಆಗುವುದಿಲ್ಲ ಎಂದು ಧರ್ಮಕೇಂದ್ರದ ಗುರುಗಳ ಬಾಯಿಂದಲೇ ಹೇಳಿಸಿ. ಆತ್ಮಹತ್ಯೆಯಿಂದ ಮನೆಯ ಒಬ್ಬರನ್ನು ಕಳೆದುಕೊಂಡ ಹುಡುಗ ನಿಮ್ಮ ತರಗತಿಯಲ್ಲಿದ್ದರೆ, ಅಂಥವರ ಉದ್ಧಾರದ ಬಗ್ಗೆ ನಿರಾಶೆಪಡಬಾರದು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 2283ನೇ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಹೇಳುವುದನ್ನು ಅವನಿಗೆ ಓದಿ ತೋರಿಸಿ.

ಹೊಡೆತ, ಹೀಯಾಳಿಕೆ, ಸುರಕ್ಷತೆ

'ಹುಡುಗರಿಗೆ ಎರಡು ಬಿಟ್ಟರೇನೇ ದಾರಿಗೆ ಬರುವುದು' ಎನ್ನುವ ಪೋಷಕರೂ ಇದ್ದಾರೆ. ಒಪ್ಪಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದಕ್ಕೂ ಬಹಳ ಹಿಂದೆ, ಟ್ಯೂರಿನ್ ನಗರದ ಬೀದಿ ಹುಡುಗರ ನಡುವೆ ಬದುಕು ಸವೆಸಿದ ಸಂತ ಡಾನ್ ಬಾಸ್ಕೊ ವಿವೇಕ, ಧರ್ಮ, ಅಕ್ಕರೆ ಈ ಮೂರರ ಮೇಲೆ ತಮ್ಮ ಶಿಕ್ಷಣ ಕ್ರಮ ಕಟ್ಟಿದರು. ಹುಡುಗರಿಗೆ ಪ್ರೀತಿ ಸಿಕ್ಕರೆ ಸಾಲದು, ತಮಗೆ ಪ್ರೀತಿ ಸಿಗುತ್ತಿದೆ ಎಂದು ಅವರಿಗೆ ಗೊತ್ತಾಗಬೇಕು ಎಂಬುದು ಅವರ ನಿಲುವು.

ಹುಡುಗರು ಹುಡುಗರನ್ನು ಪೀಡಿಸುವುದು ಶಿಕ್ಷಕರಿಲ್ಲದ ಜಾಗಗಳಲ್ಲಿ: ಶೌಚಾಲಯ, ಸೈಕಲ್ ಸ್ಟ್ಯಾಂಡು, ಬಸ್‌ ನಿಲ್ದಾಣ, ಈಗ ವಾಟ್ಸ್‌ಆ್ಯಪ್ ಗುಂಪು. ಬಣ್ಣ, ಜಾತಿ, ಮೃದು ನಡೆನುಡಿ ಹಿಡಿದು ಇಡುವ ಅಡ್ಡಹೆಸರುಗಳನ್ನು 'ಹುಡುಗಾಟ' ಎಂದು ತಳ್ಳಿಹಾಕಬೇಡಿ. ಶಿಕ್ಷಕರೂ ಅದೇ ಅಡ್ಡಹೆಸರಿನಿಂದ ಕರೆದರೆ ಮುಗಿಯಿತು, ಅವನಿಗೆ ದೂರು ಹೇಳಲು ಯಾರೂ ಉಳಿಯುವುದಿಲ್ಲ.

ಲೈಂಗಿಕ ದೌರ್ಜನ್ಯ ಹೆಣ್ಣುಮಕ್ಕಳಿಗೆ ಮಾತ್ರ ಆಗುತ್ತದೆ ಎಂಬ ತಪ್ಪು ಕಲ್ಪನೆ ಬಾಲಕರ ಶಾಲೆಯಲ್ಲಿ ಅಪಾಯಕಾರಿ. 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಅದರ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ಆಡಳಿತ ಮಂಡಳಿಗೋ ಧರ್ಮಾಧ್ಯಕ್ಷರಿಗೋ (ಬಿಷಪ್ಪರಿಗೋ) ತಿಳಿಸಿ ಕೈತೊಳೆದುಕೊಂಡರೆ ಸಾಲದು, ಆರೋಪ ಹೊತ್ತವರು ಗುರುಗಳೇ ಆಗಿದ್ದರೂ ಸರಿ. ಹುಡುಗನೊಬ್ಬನ ಜೊತೆ ಮಾತಾಡುವ ಕೊಠಡಿಯ ಬಾಗಿಲಿಗೆ ಗಾಜು ಇರಲಿ. ಹುಡುಗರಿಗೆ ಜೂನ್ ತಿಂಗಳಲ್ಲೇ ಹೇಳಿ: ಪಾಪನಿವೇದನೆಯಲ್ಲಿ ಹೇಳಿದ್ದು ಎಂದೂ ಹೊರಬರುವುದಿಲ್ಲ; ಟೀಚರಿಗೋ ಸಮಾಲೋಚಕರಿಗೋ ಹೇಳಿದ್ದು ಗುಟ್ಟಾಗಿರುತ್ತದೆ, ಜೀವಕ್ಕೆ ಅಪಾಯ ಅಥವಾ ದೌರ್ಜನ್ಯದ ಸಂಗತಿ ಆಗಿದ್ದರೆ ಮಾತ್ರ ಅವರು ಬೇರೆಯವರಿಗೆ ಹೇಳಲೇಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿ ಮತ್ತು ಫಲಿತಾಂಶದ ದಿನ

ಜನವರಿಯಿಂದ ಹತ್ತನೆಯ ತರಗತಿಯವರಿಗೆ ವಿಶೇಷ ತರಗತಿ, ಸರಣಿ ಪರೀಕ್ಷೆ ಎಲ್ಲ ಶುರು. ಈ ವಯಸ್ಸಿಗೆ ಎಂಟು ಗಂಟೆಗಿಂತ ಕಡಿಮೆ ನಿದ್ದೆ ಸಾಲದು ಎಂದು ಪೋಷಕರ ಸಭೆಯಲ್ಲಿ ಹೇಳಿ. ಸಭೆಯನ್ನು ಭಾನುವಾರ ಇಡಿ, ಕೂಲಿಗೆ ಹೋಗುವ ಅಪ್ಪಂದಿರು ಬರಬೇಕಲ್ಲ. 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ಅವಕಾಶ ಇದೆ ಎಂಬುದನ್ನು ಪರೀಕ್ಷೆಗೆ ಮುಂಚೆಯೇ ತಿಳಿಸಿ. ನಪಾಸಾದ ಮೇಲೆ ಹೇಳಿದರೆ ಕಿವಿಗೆ ಬೀಳುವುದಿಲ್ಲ. ಹಾಲ್ ಟಿಕೆಟ್ ಕೊಡುವ ದಿನ ಫಾದರ್ ಎಲ್ಲರಿಗೂ ಆಶೀರ್ವಾದ ಮಾಡುವುದು ಒಳ್ಳೆಯ ಸಂಪ್ರದಾಯ. ಆಶೀರ್ವಾದವನ್ನು ಶೇಕಡಾವಾರಿಗೆ ಗಂಟು ಹಾಕದಿದ್ದರೆ ಆಯಿತು.

ಫಲಿತಾಂಶದ ಹಿಂದಿನ ದಿನವೇ ಪಟ್ಟಿ ಮಾಡಿ. ತಮ್ಮ ಪಾಲಿನ ಹುಡುಗರಿಗೆ ಪ್ರತಿಯೊಬ್ಬರೂ ಫೋನ್ ಮಾಡಬೇಕು. ಮೊದಲು ನಪಾಸಾದವರಿಗೆ, ಆಮೇಲೆ ನಿರೀಕ್ಷೆಗಿಂತ ಕಡಿಮೆ ಬಂದವರಿಗೆ (ತೊಂಬತ್ತೈದು ಬಯಸಿ ಎಂಬತ್ತೆಂಟು ಬಂದವನೂ ಇದರಲ್ಲಿ ಸೇರಿದ), ರ‍್ಯಾಂಕ್ ಬಂದವರಿಗೆ ಕೊನೆಯಲ್ಲಿ. ಫೋನ್ ಎತ್ತದವನ ಮನೆಗೆ ಸಂಜೆಯೊಳಗೆ ಯಾರಾದರೂ ಹೋಗಿ ಬರಲಿ. ಗೇಟಿಗೆ ಹಾಕುವ ಅಭಿನಂದನೆಯ ಬ್ಯಾನರ್ ಒಂದು ವಾರ ತಡವಾದರೆ ಶಾಲೆಗೆ ಏನೂ ನಷ್ಟವಿಲ್ಲ.

ಕೊನೆಗೆ ಆ ನೋಟ್‌ಬುಕ್. ಮುಂದಿನ ವರ್ಷದ ಶಿಕ್ಷಕರಿಗೆ ಅದನ್ನು ಹಾಗೆಯೇ ಕೈ ಬದಲಿಸಬೇಡಿ. ಹುಡುಗ ನಿಮ್ಮನ್ನು ನಂಬಿ ಹೇಳಿದ್ದನ್ನು ಅವನ ಅನುಮತಿ ಕೇಳದೆ ದಾಟಿಸುವಂತಿಲ್ಲ. ಸುರಕ್ಷತೆಗೆ, ಚಿಕಿತ್ಸೆಗೆ ಬೇಕಾದದ್ದನ್ನು ಮಾತ್ರ ಬಾಯಲ್ಲಿ ತಿಳಿಸಿ, ಉಳಿದ ಹಾಳೆಗಳನ್ನು ಹರಿದುಹಾಕಿ. ಹರಿಯುವ ಮುನ್ನ ಒಮ್ಮೆ ತಿರುವಿ ನೋಡಿ: ವರ್ಷವಿಡೀ ಯಾರ ಹಾಳೆಯಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಬರೆಯಲು ನಿಮಗೆ ಏನೂ ಸಿಗಲಿಲ್ಲವೋ, ಆ ಹೆಸರುಗಳನ್ನು ಬೇರೆ ಚೀಟಿಯಲ್ಲಿ ಬರೆದು ಹೊಸ ಶಿಕ್ಷಕರಿಗೆ ಕೊಡಿ. ಜೂನ್‌ನಲ್ಲಿ ಅವರು ಮೊದಲು ಮಾತಾಡಿಸಬೇಕಾದವರು ಆ ಹುಡುಗರು.